ಗಡಿಗೋಡೆಯ ಸೆಕ್ಷನ್: ಆಕ್ಷೇಪಿಸಿದವರಿಗೆ ಉತ್ತರ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುವ ರೊನಾಲ್ಡ್ ರಾಯೆಲ್ ಅಮೆರಿಕ–ಮೆಕ್ಸಿಕೊ ಗಡಿಗೋಡೆಯ ಬಗ್ಗೆ ಬರೆದ ‘ಬಾರ್ಡರ್‌ವಾಲ್ ಆಸ್ ಆರ್ಕಿಟೆಕ್ಚರ್’ (2017) ಪುಸ್ತಕವನ್ನು ನಮ್ಮ ಕಾಲೇಜುಗಳ ಡಿಸೈನ್ ಸ್ಟುಡಿಯೋದಲ್ಲೂ ಓದಿಸಬೇಕು ಎಂದು ವಾದಿಸಿದ್ದಕ್ಕೆ ನನಗೆ ಸಾಕಷ್ಟು ಬೈಗುಳ ಸಿಕ್ಕಿದೆ. ಬೈಗುಳವನ್ನು ಬದಿಗಿಟ್ಟು ವಾದಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ. ಅವುಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಗಡಿಗೋಡೆ ಪೊಲೀಸರ ವಿಷಯ, ವಾಸ್ತುಶಿಲ್ಪಿಗೆ ಅಲ್ಲೇನು ಕೆಲಸ ಎಂಬುದು ಮೊದಲ ತಕರಾರು. 2017ರಲ್ಲಿ ಟ್ರಂಪ್ ಸರ್ಕಾರ ಗೋಡೆಯ ಮಾದರಿಗಳಿಗೆ ಕರೆದ ಟೆಂಡರನ್ನು ಈ ತಕರಾರಿನವರು ಒಮ್ಮೆ ಓದಬೇಕು. ಎತ್ತರ ಇಷ್ಟಿರಬೇಕು, ಹತ್ತಲು ಆಗಬಾರದು ಎಂಬ ಷರತ್ತುಗಳ ಸಾಲಿನಲ್ಲೇ ಇನ್ನೊಂದಿತ್ತು: ಅಮೆರಿಕದ ಕಡೆಯ ಮುಖ ಬಣ್ಣದಲ್ಲೂ ಮೇಲ್ಮೈಯಲ್ಲೂ ನೋಡಲು ಚೆನ್ನಾಗಿರಬೇಕು. ಅಂದ ಬೇಕಿದ್ದದ್ದು ಆ ಒಂದು ಕಡೆಗೆ ಮಾತ್ರ! ಸ್ಯಾನ್ ಡಿಯಾಗೊ ಹತ್ತಿರದ ಓಟೈ ಮೆಸಾದಲ್ಲಿ ಎಂಟು ಮಾದರಿಗಳು ಎದ್ದು ನಿಂತವು. 2019ರ ಫೆಬ್ರುವರಿಯಲ್ಲಿ ಅವನ್ನು ಕೆಡವಿದರು. ಅದಕ್ಕೂ ಮೊದಲು, 1990ರ ದಶಕದಲ್ಲಿ, ವಿಯೆಟ್ನಾಂ ಯುದ್ಧಕಾಲದಲ್ಲಿ ಹೆಲಿಕಾಪ್ಟರ್ ಇಳಿಸಲು ನೆಲಕ್ಕೆ ಹಾಸುತ್ತಿದ್ದ ಉಕ್ಕಿನ ಹಾಳೆಗಳನ್ನು ನೆಟ್ಟಗೆ ನಿಲ್ಲಿಸಿ ಬೇಲಿ ಮಾಡಿದ್ದರು. ಅದರಾಚೆ ಏನು ನಡೆಯುತ್ತಿದೆ ಎಂದು ಕಾಯುವವನಿಗೇ ಕಾಣುತ್ತಿರಲಿಲ್ಲ. ಆಮೇಲೆ ಸಂದಿ ಬಿಟ್ಟು ನೆಟ್ಟ ಉಕ್ಕಿನ ಕಂಬಗಳು ಬಂದವು. ವಸ್ತು ಯಾವುದು, ಸಂದಿ ಎಷ್ಟು, ಯಾರ ಕಣ್ಣಿಗೆ ಚೆಂದ ಎಂಬುದನ್ನೆಲ್ಲ ಯಾರೋ ಕೂತು ತೀರ್ಮಾನಿಸಿದ್ದಾರೆ. ಅದು ವಿನ್ಯಾಸವಲ್ಲದೆ ಮತ್ತೇನು? ವಾಸ್ತುಶಿಲ್ಪಿಗಳು ಮುಖ ತಿರುಗಿಸಿದರೆ ಗೋಡೆ ಏಳುವುದೇನೂ ನಿಲ್ಲುವುದಿಲ್ಲ, ಗುತ್ತಿಗೆದಾರರು ಏಳಿಸುತ್ತಾರೆ.

ಎರಡನೆಯದು ಹಿರಿಯ ಅಧ್ಯಾಪಕರೊಬ್ಬರ ಮಾತು: ಹುಡುಗರು ಮೊದಲು ತೊಲೆ, ಕಂಬ, ಚರಂಡಿ ಕಲಿಯಲಿ; ರಾಜಕೀಯ ಆಮೇಲೆ. ಸ್ವಾಮಿ, ಚರಂಡಿಯಿಂದಲೇ ಶುರು ಮಾಡೋಣ. ನೊಗಾಲೆಸ್ ಎಂಬ ಹೆಸರಿನ ಊರು ಗಡಿಯ ಎರಡೂ ಕಡೆ ಇದೆ, ಒಂದು ಅಮೆರಿಕದ ಅರಿಜೋನಾದಲ್ಲಿ, ಇನ್ನೊಂದು ಮೆಕ್ಸಿಕೊದ ಸೊನೋರಾದಲ್ಲಿ. ಅಲ್ಲಿ ಇಳಿಜಾರು ಮೆಕ್ಸಿಕೊದಿಂದ ಅಮೆರಿಕದ ಕಡೆಗೆ. ಮಳೆನೀರು ಊರಿನಡಿಯ ಸುರಂಗಗಳಲ್ಲಿ ಗಡಿ ದಾಟುತ್ತದೆ. ಜನ ನುಸುಳದಂತೆ ಸುರಂಗದೊಳಗೆ ಅಮೆರಿಕದ ಗಡಿ ಗಸ್ತು ಪಡೆ ಒಂದು ಕಾಂಕ್ರೀಟ್ ತಡೆ ಕಟ್ಟಿಸಿತು. 2008ರ ಜುಲೈಯ ಒಂದು ಜೋರು ಮಳೆಗೆ ನೀರು ಆ ತಡೆಗೆ ಸಿಕ್ಕಿ ಹಿಂದಕ್ಕೆ ಒತ್ತಿ, ಮೆಕ್ಸಿಕೊದ ನೊಗಾಲೆಸ್ ಪೇಟೆ ಮುಳುಗಿತು, ಇಬ್ಬರು ಸತ್ತರು. ಈ ಸುರಂಗದ ಸೆಕ್ಷನ್ (ಸೀಳಿ ಒಳಗನ್ನು ತೋರಿಸುವ ನಕ್ಷೆ) ಬರೆಯಲು ಕೂತ ವಿದ್ಯಾರ್ಥಿಗೆ ಇಳಿಜಾರಿನ ಲೆಕ್ಕವೂ ಬೇಕು, ಆ ತಡೆಯನ್ನು ಯಾರು, ಯಾರನ್ನು ಕೇಳಿ ಕಟ್ಟಿದರು ಎಂಬುದೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸುವುದು ಹೇಗೆ ಎಂದು ಆ ಹಿರಿಯರೇ ತೋರಿಸಿಕೊಡಲಿ.

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಟೆಡ್ಡಿ ಕ್ರೂಸ್, ರಾಜ್ಯಶಾಸ್ತ್ರದ ಫೋನಾ ಫೋರ್ಮನ್ ಜತೆ ಸೇರಿ ವರ್ಷಗಳಿಂದ ಮಾಡುತ್ತಿರುವುದೂ ಇದೇ ಬಗೆಯ ಕೆಲಸ. ಮೆಕ್ಸಿಕೊದ ಟಿಹ್ವಾನಾ ನಗರದ ಲಾಸ್ ಲೌರೆಲೆಸ್ ಕಣಿವೆಯಲ್ಲಿ ಬಡವರ ಮನೆಗಳು ಗೋಡೆಗೆ ಆತುಕೊಂಡೇ ಎದ್ದಿವೆ. ಮಳೆ ಬಂದರೆ ಅಲ್ಲಿನ ಮಣ್ಣು, ಕಸ ಎಲ್ಲ ಗಡಿ ದಾಟಿ ಅಮೆರಿಕದ ಸಂರಕ್ಷಿತ ಅಳಿವೆಗೆ ಬಂದು ತುಂಬಿಕೊಳ್ಳುತ್ತದೆ. ಅಳಿವೆ ಉಳಿಯಬೇಕಾದರೆ ದುಡ್ಡು ಹಾಕಬೇಕಾದದ್ದು ಗೋಡೆಯ ಆಚೆ, ಕಣಿವೆಯ ಮನೆಗಳ ಬುಡದ ಮಣ್ಣು ಹಿಡಿಯುವುದಕ್ಕೆ ಎಂಬುದು ಅವರ ವಾದ. ಇದನ್ನು ರಾಜಕೀಯ ಎಂದು ಕರೆಯುವಿರೋ, ಮಣ್ಣಿನ ಎಂಜಿನಿಯರಿಂಗ್ ಎನ್ನುವಿರೋ, ನಿಮಗೆ ಬಿಟ್ಟದ್ದು.

ಮೂರನೆಯ ಟೀಕೆ ರಾಯೆಲ್ ಗೋಡೆಗೆ ಹಾಕಿದ ಸೀ-ಸಾ ಕುರಿತದ್ದು: ಜನರ ಸಂಕಟದ ಮೇಲೆ ಮಕ್ಕಳಾಟ ಆಡಿದರು, ಫೋಟೊ ತೆಗೆಸಿಕೊಂಡರು, ಬಹುಮಾನ ಹೊಡೆದರು. ನಡೆದದ್ದು ಇಷ್ಟು. 2019ರ ಜುಲೈ 28ರಂದು ರಾಯೆಲ್ ಮತ್ತು ಅವರ ವಿನ್ಯಾಸ ಸಂಗಾತಿ ವರ್ಜೀನಿಯಾ ಸ್ಯಾನ್ ಫ್ರಾಟೆಲೊ ಇಬ್ಬರೂ, ಹ್ವಾರೆಸ್ ನಗರದ ಕಲಾವಿದರ ಗುಂಪೊಂದರ ಜತೆ, ಗೋಡೆಯ ಕಂಬಸಂದಿಯಲ್ಲಿ ಮೂರು ಗುಲಾಬಿ ಬಣ್ಣದ ಸೀ-ಸಾಗಳನ್ನು ತೂರಿಸಿದರು. ಈ ತುದಿ ನ್ಯೂ ಮೆಕ್ಸಿಕೊ ರಾಜ್ಯದ ಸನ್‌ಲ್ಯಾಂಡ್ ಪಾರ್ಕಿನಲ್ಲಿ, ಆ ತುದಿ ಮೆಕ್ಸಿಕೊದ ಅನಾಪ್ರಾ ಬಡಾವಣೆಯಲ್ಲಿ. ಒಂದು ತಾಸೂ ಇರಲಿಲ್ಲ ಆಟ. ಆರನೆಯ ದಿನ, ಆಗಸ್ಟ್ 3ರಂದು, ಪಕ್ಕದ ಎಲ್ ಪಾಸೊದ ವಾಲ್‌ಮಾರ್ಟ್‌ನಲ್ಲಿ ಮೆಕ್ಸಿಕೊ ಮೂಲದವರನ್ನೇ ಗುರಿಯಾಗಿಸಿ ಒಬ್ಬ ಗುಂಡು ಹಾರಿಸಿದ. ಒಟ್ಟು 23 ಮಂದಿ ಸತ್ತರು. ಆ ಸಾವುಗಳೆದುರು ಸೀ-ಸಾದಿಂದ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಸೀ-ಸಾಗೆ ಸಿಕ್ಕ ಲಂಡನ್ನಿನ ಬೀಸ್ಲಿ ವಿನ್ಯಾಸ ಪ್ರಶಸ್ತಿಯ ಸುದ್ದಿ ಹಬ್ಬಿದಷ್ಟು ಪುಸ್ತಕದೊಳಗಿನ ಸಂಶೋಧನೆ ಹಬ್ಬಲಿಲ್ಲ ಎಂಬ ಬೇಸರ ನನಗೂ ಇದೆ. ಆದರೆ ಸೀ-ಸಾವನ್ನು ತಮಾಷೆ ಎನ್ನಲಾರೆ. ಆಚೆಯವರು ಕೂತು ಒತ್ತದೆ ಈಚೆಯವರು ಮೇಲೇಳುವಂತಿಲ್ಲ, ಗೋಡೆಯೇ ನಡುವಿನ ಆಧಾರ. ಎರಡು ದೇಶಗಳ ವ್ಯಾಪಾರ, ಕೂಲಿಗಳ ನಂಟು ನಿಂತಿರುವುದೂ ಹಾಗೆಯೇ. ಅದನ್ನು ಒಂದು ಉಕ್ಕಿನ ತೊಲೆಯಲ್ಲಿ ಹೇಳಿದ್ದು ನನ್ನ ಮಟ್ಟಿಗೆ ಒಳ್ಳೆಯ ವಿನ್ಯಾಸ.

ಎಸಿ ಕೋಣೆಯಲ್ಲಿ ಕೂತ ಪ್ರೊಫೆಸರಿಗೆ ಗಡಿಯ ಬದುಕೇನು ಗೊತ್ತು ಎಂದವರಿಗೆ ಹೆಚ್ಚು ಹೇಳಲಾರೆ. ರಾಯೆಲ್ ಮನೆತನದ ಊರು ಕೊಲರಾಡೊದ ಸ್ಯಾನ್ ಲೂಯಿಸ್ ಕಣಿವೆ. 1848ರ ಒಪ್ಪಂದದವರೆಗೆ ಅದು ಮೆಕ್ಸಿಕೊದ ನೆಲ. ಗಡಿಯೇ ಸರಿದು ಬಂದು ಅಂಥ ಊರುಗಳನ್ನು ಅಮೆರಿಕಕ್ಕೆ ಸೇರಿಸಿತು.

ಅಮೆರಿಕದ ಗೋಡೆ ಕಟ್ಟಿಕೊಂಡು ನಮಗೇನಾಗಬೇಕು ಎಂದವರಿಗೆ ಒಂದು ಹೋಲಿಕೆ. ಟೆಕ್ಸಸ್‌ನಲ್ಲಿ ಗಡಿ ಎಂದರೆ ರಿಯೊ ಗ್ರಾಂಡೆ ನದಿ. ನೆರೆ ಹರಿಯುವ ಜಾಗಕ್ಕೆ ಅಡ್ಡ ಕಟ್ಟಬಾರದೆಂದು 1970ರ ಒಪ್ಪಂದವಿದೆ. ಹೀಗಾಗಿ ಗೋಡೆ ಹಲವೆಡೆ ಒಳಕ್ಕೆ ಸರಿದಿದೆ, ಅಮೆರಿಕನ್ನರದೇ ಹೊಲಮನೆಗಳು ಗೋಡೆಯಾಚೆ ಉಳಿದಿವೆ. ನಮ್ಮ ಬಾಂಗ್ಲಾದೇಶ ಗಡಿಯಲ್ಲೂ 1975ರ ಒಪ್ಪಂದದ ಕಾರಣ ಬೇಲಿ ಸಾಮಾನ್ಯವಾಗಿ ಗಡಿರೇಖೆಯಿಂದ 150 ಗಜ ಒಳಗಿದೆ. ಬೇಲಿಯಾಚೆ ಹೊಲವಿರುವ ರೈತ ಗೇಟು ತೆರೆಯುವ ಹೊತ್ತಿಗೆ ಗುರುತಿನ ಚೀಟಿ ಹಿಡಿದು ನಿಲ್ಲುತ್ತಾನೆ. ಆ ಗೇಟಿನ ಬಳಿ ನೆರಳೆಲ್ಲಿ, ನೀರೆಲ್ಲಿ, ಸಂಜೆ ಗೇಟು ಮುಚ್ಚಿದ ಮೇಲೆ ಹೆರಿಗೆನೋವು ಬಂದರೆ ದಾರಿ ಯಾವುದು? ಈ ಪ್ರಶ್ನೆಯನ್ನು ಸ್ಟುಡಿಯೋದ ಯಾವ ಜ್ಯೂರಿಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಆ ಗಟ್ಟಿ ವಾದ. ಗೋಡೆಯನ್ನು ವಿನ್ಯಾಸದ ಪ್ರಶ್ನೆ ಮಾಡಿದರೆ ಅದನ್ನು ಒಪ್ಪಿಕೊಂಡಂತೆ, ಸಿಂಗರಿಸಿದಂತೆ ಅಲ್ಲವೇ? ಅರ್ಧ ಒಪ್ಪುತ್ತೇನೆ. 2009ರಲ್ಲೇ ಒಂದು ಸ್ಪರ್ಧೆಗೆ ರಾಯೆಲ್ ಮತ್ತು ಸ್ಯಾನ್ ಫ್ರಾಟೆಲೊ ಕಳಿಸಿದ ಯೋಜನೆಯಲ್ಲಿ ಗೋಡೆಯುದ್ದಕ್ಕೂ ಸೌರ ವಿದ್ಯುತ್ತಿನ ಕಲ್ಪನೆ ಇತ್ತು. 2017ರ ಜೂನ್‌ನಲ್ಲಿ ಟ್ರಂಪ್ ಅಯೋವಾದ ಸಭೆಯೊಂದರಲ್ಲಿ ಸೌರಗೋಡೆಯ ಮಾತೆತ್ತಿದರು, ತಮ್ಮದೇ ಐಡಿಯಾ ಎಂದೂ ಹೇಳಿಕೊಂಡರು. ಪ್ರಾಧ್ಯಾಪಕರ ಕಲ್ಪನೆ ಅಧ್ಯಕ್ಷರ ಬಾಯಲ್ಲಿ ಯೋಜನೆಯಾಯಿತು! ಗೋಡೆಗೆ ವರಮಾನ ತಂದುಕೊಡುವ ವಿನ್ಯಾಸ ಗೋಡೆಯನ್ನು ಉಳಿಸುತ್ತದೆ, ಇದರಲ್ಲಿ ಟೀಕಾಕಾರರದೇ ಸರಿ. ಆದರೆ ಅದೇ ಯೋಜನೆಯಲ್ಲಿ ನೀರು ಶುದ್ಧೀಕರಣದ ಕಲ್ಪನೆಯೂ ಇದೆ. ಮೆಕ್ಸಿಕೊದ ಮೆಕ್ಸಿಕಾಲಿಯಿಂದ ಅಮೆರಿಕದ ಕ್ಯಾಲೆಕ್ಸಿಕೊ ಕಡೆ ಹರಿಯುವ ನ್ಯೂ ರಿವರ್‌ನ ಕೊಳಕು ನೀರನ್ನು ಗೋಡೆ ಇದ್ದರೂ ಬಿದ್ದರೂ ಶುದ್ಧಗೊಳಿಸಲೇಬೇಕು. ಸ್ಟುಡಿಯೋದಲ್ಲಿ ಹುಡುಗರಿಗೆ ಹಾಕಬೇಕಾದ ಪರೀಕ್ಷೆ ಇದೇ: ನಾಳೆ ಗೋಡೆ ಬಿದ್ದರೆ ನಿನ್ನ ವಿನ್ಯಾಸಕ್ಕೆ ಕೆಲಸವಿರುತ್ತದೆಯೇ? ಸೌರಗೋಡೆ ಇದರಲ್ಲಿ ಫೇಲು, ಶುದ್ಧೀಕರಣ ಘಟಕ ಪಾಸು. ಗೋಡೆಯನ್ನು ಮುಟ್ಟಲೇಬಾರದು ಎಂದರೆ ಈ ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿ ಕಲಿಯುವುದು ಎಲ್ಲಿ?

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ಒಂದೇ. ನಾಲ್ಕನೆಯ ವರ್ಷದ ಒಂದು ಸೆಮಿಸ್ಟರ್ ಸ್ಟುಡಿಯೋ ಗಡಿನಾಡಿಗೆ ಮೀಸಲಾಗಲಿ, ಮೊದಲ ಹಾಳೆಯಲ್ಲಿ ನೊಗಾಲೆಸ್ ಸುರಂಗದ ಸೆಕ್ಷನ್ ಬರೆಸಿ.