ಬೀಳುವುದು ವಿಧಿಯಲ್ಲ

“ಅಜ್ಜಿ ಬಚ್ಚಲಮನೆಯಲ್ಲಿ ಜಾರಿಬಿದ್ದರು, ವಯಸ್ಸಾಯಿತಲ್ಲ!” ಇಂತಹ ಮಾತನ್ನು ಕೇಳದ ವಾಚಕರು ವಿರಳ. ಆದರೆ ವೃದ್ಧರ ಬೀಳುವಿಕೆಯನ್ನು ಕೇವಲ ವಯಸ್ಸಿನ ಮೇಲೆ ಹೊರಿಸುವುದು ಅರ್ಧಸತ್ಯವೆಂದೇ ನಮ್ಮ ಅಭಿಪ್ರಾಯ.

ವಿಷಯವು ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಅಂದಾಜಿನಂತೆ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಮರಣ ಹೊಂದುತ್ತಾರೆ. ಅವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ಬದುಕುಳಿದವರಲ್ಲಿಯೂ ಸೊಂಟದ ಕೀಲಿನ ಬಳಿ ಮೂಳೆ ಮುರಿದು, ಮತ್ತೆ ಮೊದಲಿನಂತೆ ನಡೆಯಲಾರದವರು ಅನೇಕರು.

ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಕಣ್ಣು ಮುಚ್ಚಿ ನೋಡಿರಿ. ಒಡನೆಯೇ ದೇಹವು ತೂಗಾಡತೊಡಗುತ್ತದೆ. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ನರಗಳು, ಈ ಮೂರೂ ಕಳುಹಿಸುವ ಸುದ್ದಿಯನ್ನು ಮಿದುಳು ಕೂಡಿಸಿಕೊಂಡು, ಸ್ನಾಯುಗಳಿಗೆ ಆಜ್ಞೆ ನೀಡುವುದರಿಂದಲೇ ನಾವು ನೆಟ್ಟಗೆ ನಿಲ್ಲಬಲ್ಲೆವು. ಮುಪ್ಪಿನಲ್ಲಿ ಸುದ್ದಿಯೂ ಮಂದವಾಗುತ್ತದೆ, ಸ್ನಾಯುವೂ ಕೃಶವಾಗುತ್ತದೆ, ನಿಜ. ಆದರೆ ಅದಕ್ಕೆ ಒದ್ದೆ ನೆಲವೋ, ಕತ್ತಲೆಯೋ, ನಿದ್ರೆಯ ಮಾತ್ರೆಯ ಮಂಪರೋ, ಥಟ್ಟನೆ ಎದ್ದಾಗ ಇಳಿಯುವ ರಕ್ತದೊತ್ತಡವೋ ಜೊತೆಗೂಡಿದಾಗ ಅಪಾಯವು ಹಲವು ಪಟ್ಟು ಹೆಚ್ಚುತ್ತದೆ. ಈ ಜೊತೆಗಾರರನ್ನು ದೂರಮಾಡುವುದು ನಮ್ಮ ಕೈಯಲ್ಲಿದೆ.

ಒಮ್ಮೆ ಬಿದ್ದವರಿಗೆ ಮನೆಮಂದಿ ಹೇಳುವ ಬುದ್ಧಿಮಾತು ಒಂದೇ: “ಇನ್ನು ಓಡಾಡಬೇಡಿ, ಸುಮ್ಮನೆ ಕುಳಿತಿರಿ.” ಪ್ರೀತಿಯಿಂದ ಆಡಿದ ಈ ಮಾತೇ ಕೇಡಿಗೆ ಕಾರಣವಾಗುತ್ತದೆ. ಕುಳಿತಷ್ಟೂ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದಷ್ಟೂ ಬೀಳುವ ಭಯ ಬೆಳೆಯುತ್ತದೆ. ಭಯವು ಮತ್ತೆ ಕುಳ್ಳಿರಿಸುತ್ತದೆ. ತಮ್ಮ ತಮ್ಮ ಮನೆಗಳಲ್ಲಿಯೇ ವಾಸಿಸುವ 23,000ಕ್ಕೂ ಹೆಚ್ಚು ವೃದ್ಧರ ಮೇಲೆ ನಡೆದ 108 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯು 2019ರಲ್ಲಿ ಒಟ್ಟಾಗಿ ಪರಿಶೀಲಿಸಿತು. ವ್ಯಾಯಾಮದಿಂದ ಬೀಳುವ ಪ್ರಮಾಣವು ಸುಮಾರು ಶೇಕಡಾ 23ರಷ್ಟು ತಗ್ಗುವುದೆಂದು ಕಂಡುಬಂದಿತು. ಸಮತೋಲವನ್ನೂ ಕಾಲಿನ ಬಲವನ್ನೂ ಬೆಳೆಸುವ ಸರಳ ಅಭ್ಯಾಸಗಳೇ ಇದರಲ್ಲಿ ಮುಖ್ಯ. ಕುರ್ಚಿಯಿಂದ ಮೆಲ್ಲನೆ ಎದ್ದು ಕೂರುವುದೂ ಅಂತಹದೊಂದು ಅಭ್ಯಾಸವೇ.

ಆದುದರಿಂದ ತರುಣ ವಾಚಕರಲ್ಲಿ ನಮ್ಮದೊಂದು ಕೋರಿಕೆ. ಇಂದೇ ಮನೆಯನ್ನೊಮ್ಮೆ ಪರೀಕ್ಷಿಸಿರಿ. ಬಚ್ಚಲಿನ ಗೋಡೆಗೆ ಹಿಡಿಕೆಯುಂಟೇ? ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವುಂಟೇ? ಹೊಸ್ತಿಲು ಮಬ್ಬುಗಣ್ಣಿಗೂ ಕಾಣುವಂತಿದೆಯೇ? ಅಂಗಳದಲ್ಲಿ ಪಾಚಿ ಕಟ್ಟಿದೆಯೇ? ಹಿರಿಯರು ಸೇವಿಸುವ ಮಾತ್ರೆಗಳೆಲ್ಲವನ್ನೂ ಒಮ್ಮೆ ವೈದ್ಯರಿಗೆ ತೋರಿಸಿ, ಯಾವ ವ್ಯಾಯಾಮವು ತಕ್ಕುದೆಂಬುದನ್ನೂ ಕೇಳಿರಿ. ಬಳಿಕ ಸಂಜೆಯ ಹೊತ್ತು ಅಜ್ಜನಿಗೋ ಅಜ್ಜಿಗೋ ಕೈಯಾಸರೆ ನೀಡಿರಿ, ಕುಳ್ಳಿರಿಸುವುದಕ್ಕಲ್ಲ, ನಡೆಸುವುದಕ್ಕೆ.