ತಲೆಯೆಣಿಕೆಯ ನ್ಯಾಯ

ಒಂದು ಜೀವಜಾತಿ ಕ್ಷೇಮವಾಗಿದೆಯೇ ಇಲ್ಲವೇ ಎಂಬುದನ್ನು ಅದರ ತಲೆಗಳನ್ನೆಣಿಸಿ ತೀರ್ಮಾನಿಸುವುದು ಸುಲಭ; ಅದು ಉಣ್ಣುವ ಮೇವು, ಕುಡಿಯುವ ನೀರು, ಚಳಿಗಾಲದಲ್ಲಿ ಆಶ್ರಯಿಸುವ ಬೆಚ್ಚನೆಯ ತಾಣ ಇವುಗಳನ್ನು ಪರೀಕ್ಷಿಸಿ ತೀರ್ಮಾನಿಸುವುದು ಕಷ್ಟ. ಫ್ಲಾರಿಡಾದ ಕಡಲ ಹಸುವಿನ, ಅಂದರೆ ಮ್ಯಾನಟಿಯ, ವಿಷಯದಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯು 2017ರಲ್ಲಿ ಸುಲಭವಾದ ದಾರಿಯನ್ನೇ ಹಿಡಿಯಿತು. 1967ರಿಂದ ವಿನಾಶದಂಚಿನ ಜೀವಿಗಳ ಪಟ್ಟಿಯಲ್ಲಿದ್ದ ಈ ಸಾಧುಪ್ರಾಣಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಅಷ್ಟೇನೂ ತುರ್ತಿಲ್ಲದ ‘ಅಪಾಯದಲ್ಲಿರುವ’ ದರ್ಜೆಗೆ ಸೇರಿಸಿತು.

ಈ ನಿರ್ಣಯದ ಮೂಲವನ್ನು ಅರಸಿದವರಿಗೆ ಮೊದಲು ಕಾಣುವುದು ವಿಜ್ಞಾನಿಗಳಲ್ಲ, ದೋಣಿಗಳು. ಕ್ರಿಸ್ಟಲ್ ರಿವರ್ ಪಟ್ಟಣದ ಕಿಂಗ್ಸ್ ಕೊಲ್ಲಿಯಲ್ಲಿ ಮೋಟಾರು ದೋಣಿಗಳ ವೇಗಕ್ಕೆ ಕಡಿವಾಣ ಬಿದ್ದ 2012ರಲ್ಲಿಯೇ, ಅಲ್ಲಿನ ಸಂಘವೊಂದರ ಪರವಾಗಿ ಪೆಸಿಫಿಕ್ ಲೀಗಲ್ ಫೌಂಡೇಷನ್ ಎಂಬ ವಕೀಲರ ಸಂಸ್ಥೆಯು ದರ್ಜೆಯನ್ನು ಇಳಿಸಬೇಕೆಂದು ಅರ್ಜಿ ಹಾಕಿತು. ದೋಣಿಯ ಚಕ್ರದಲಗಿನ ಗಾಯದ ಗುರುತನ್ನು ಬೆನ್ನ ಮೇಲೆ ಹೊರದ ಪ್ರಾಯದ ಮ್ಯಾನಟಿ ಆ ನೀರುಗಳಲ್ಲಿ ಅಪರೂಪವೆಂಬುದನ್ನು ಬಲ್ಲವರಿಗೆ ಈ ಆತುರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜಿದಾರರ ಕೈಯಲ್ಲಿ ಒಂದು ಬಲವಾದ ಅಂಕಿಯಿತ್ತೆಂಬುದನ್ನು ಒಪ್ಪತಕ್ಕದ್ದೇ. 1991ರಲ್ಲಿ ವಿಮಾನದಿಂದ ನೋಡಿ ಎಣಿಸಿದಾಗ ಸುಮಾರು 1,300 ಇದ್ದದ್ದು 2017ರ ಹೊತ್ತಿಗೆ 6,600ಕ್ಕೂ ಮಿಕ್ಕಿತ್ತೆಂದು ಇಲಾಖೆ ಅಂದಾಜು ಮಾಡಿತು. ಈ ಏರಿಕೆ ಕಾನೂನಿನ ಕೃಪೆಯೇ ಹೊರತು ಕಾನೂನು ಅನಾವಶ್ಯಕವೆಂಬುದಕ್ಕೆ ಪ್ರಮಾಣವಲ್ಲ. ಆದರೆ ನನ್ನ ಆಕ್ಷೇಪಣೆ ಇನ್ನೂ ಆಳದ್ದು: ಪಶುಗಳನ್ನು ಎಣಿಸಿದವರು ಗೋಮಾಳವನ್ನು ನೋಡಲಿಲ್ಲ.

ಫ್ಲಾರಿಡಾದ ಪೂರ್ವತೀರದಲ್ಲಿ ಇಂಡಿಯನ್ ರಿವರ್ ಎಂಬ ಉದ್ದನೆಯ ಹಿನ್ನೀರುಂಟು. ಅದರ ತಳದಲ್ಲಿ ಬೆಳೆಯುವ ಕಡಲಹುಲ್ಲೇ ಮ್ಯಾನಟಿಯ ಆಹಾರ. ದಂಡೆಯ ಮನೆಗಳ ಶೌಚಗುಂಡಿಗಳಿಂದಲೂ ಹೊಲಗದ್ದೆ ಹುಲ್ಲುಹಾಸುಗಳ ಗೊಬ್ಬರದಿಂದಲೂ ಸೋರಿಬಂದ ಸಾರಜನಕ ಮತ್ತು ರಂಜಕಗಳನ್ನುಂಡು, 2011ರಿಂದೀಚೆಗೆ ಪಾಚಿಯು ಮತ್ತೆ ಮತ್ತೆ ಉಕ್ಕಿ, ನೀರನ್ನು ಕದಡಿ, ಸೂರ್ಯರಶ್ಮಿಯು ತಳವನ್ನು ಮುಟ್ಟದಂತೆ ಮಾಡಿದ್ದರಿಂದ ಆ ಹುಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ನಾಶವಾಯಿತು. ಇದು ದರ್ಜೆಯಿಳಿಕೆಗೆ ಮೊದಲೇ ಆರಂಭವಾಗಿದ್ದ ಅನಾಹುತವೆಂಬುದನ್ನು ಗಮನಿಸಬೇಕು. ಇಪ್ಪತ್ತು ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಬಹುಕಾಲ ಬದುಕಲಾರದ ಈ ಪ್ರಾಣಿಗಳು ಚಳಿಗಾಲದಲ್ಲಿ ವಿದ್ಯುತ್ ಸ್ಥಾವರಗಳು ಹೊರಬಿಡುವ ಬಿಸಿನೀರನ್ನು ಆಶ್ರಯಿಸಿ ಗುಂಪುಗೂಡಿದಾಗ, ಬೆಚ್ಚಗಿರುವಲ್ಲಿ ಮೇವಿಲ್ಲ, ಮೇವಿರುವಲ್ಲಿ ಬೆಚ್ಚಗಿಲ್ಲ ಎಂಬ ಸಂಕಟಕ್ಕೆ ಸಿಲುಕಿದವು. 2021ರ ಒಂದೇ ವರ್ಷದಲ್ಲಿ ಫ್ಲಾರಿಡಾದಲ್ಲಿ 1,100 ಮ್ಯಾನಟಿಗಳು ಸತ್ತವು. ಅವುಗಳಲ್ಲಿ ಅನೇಕ ಹಸಿವಿನಿಂದ. ಮರುವರ್ಷ 800. ಕಾಡುಪ್ರಾಣಿಗೆ ಉಣಿಸುವುದೇ ಅಪರಾಧವೆಂದು ಸಾರುತ್ತಿದ್ದ ಸರಕಾರವು ಕೊನೆಗೆ ತಾನೇ ಸ್ಥಾವರದ ಬಳಿ ನಿಂತು ಲೆಟಿಸ್ ಸೊಪ್ಪನ್ನು ಟನ್ನುಗಟ್ಟಲೆ ನೀರಿಗೆ ಸುರಿಯಬೇಕಾಯಿತು.

ದರ್ಜೆ ಇಳಿದರೂ ರಕ್ಷಣೆ ಇಳಿಯಲಿಲ್ಲವೆಂದು ಇಲಾಖೆಯ ಸಮರ್ಥಕರು ವಾದಿಸುತ್ತಾರೆ. ಕಾಗದದ ಮೇಲೆ ಇದು ದಿಟ. ಆದರೆ ‘ಗಂಡಾಂತರ ಕಳೆಯಿತು’ ಎಂದು ಸರಕಾರವೇ ಸಾರಿದ ಮೇಲೆ, ಶೌಚಗುಂಡಿಗಳನ್ನು ಸರಿಪಡಿಸಲು ಹಣ ಬೇಡುವ ಅಧಿಕಾರಿಯ ಮಾತಿಗೆ ಎಷ್ಟು ಬೆಲೆ ಉಳಿದೀತು? ನಮ್ಮ ನೆರೆಯ ತಮಿಳುನಾಡು ಇದೇ ಗಣದ ಡುಗಾಂಗ್‌ಗಾಗಿ 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಮೀಸಲಾಗಿಸಿದಾಗ, ಪ್ರಾಣಿಯ ಜೊತೆಗೆ ಅದರ ಹುಲ್ಲುಗಾವಲನ್ನೂ ಆ ಗೆರೆಯೊಳಗೆ ತಂದಿತು. ಸಿರಿವಂತ ಫ್ಲಾರಿಡಾಕ್ಕೆ ಈ ವಿವೇಕ ದುಬಾರಿಯಾಯಿತೆಂದರೆ ನಂಬುವುದು ಕಷ್ಟ.

2025ರ ಏಪ್ರಿಲಿನಲ್ಲಿ ಅಲ್ಲಿನ ಫೆಡರಲ್ ಜಿಲ್ಲಾ ನ್ಯಾಯಾಲಯವೊಂದು, ಹಿನ್ನೀರಿಗೆ ಕೊಳೆನೀರು ಸೇರಲು ಬಿಟ್ಟ ರಾಜ್ಯದ ಪರಿಸರ ಇಲಾಖೆಯ ನಿಯಮಗಳೇ ಮ್ಯಾನಟಿಯ ಹಾನಿಗೆ ಕಾರಣವೆಂದೂ ಇದು ವನ್ಯಜೀವಿ ಕಾನೂನಿನ ಉಲ್ಲಂಘನೆಯೆಂದೂ ತೀರ್ಮಾನಿಸಿತು. ಅದೇ ವರ್ಷದ ಜನವರಿಯಲ್ಲಿ ಮೀನು ಮತ್ತು ವನ್ಯಜೀವಿ ಇಲಾಖೆಯು ಕೆರಿಬಿಯನ್ ಕಡೆಯ ಉಪಜಾತಿಯನ್ನು ಮಾತ್ರ ವಿನಾಶದಂಚಿಗೆ ಮರಳಿಸಿ, ಫ್ಲಾರಿಡಾದ್ದನ್ನು ಇಳಿಸಿದಲ್ಲಿಯೇ ಬಿಡಲು ಪ್ರಸ್ತಾಪಿಸಿತ್ತು. ಆ ಪ್ರಸ್ತಾಪವನ್ನು ಹಿಂತೆಗೆದುಕೊಂಡು, ಹಿನ್ನೀರಿನ ತಳದಲ್ಲಿ ಹುಲ್ಲು ಮತ್ತೆ ನಿಲ್ಲುವ ತನಕ ಹಳೆಯ ದರ್ಜೆಯನ್ನೇ ಅದಕ್ಕೆ ಕೊಡತಕ್ಕದ್ದು.