ನಾವು ಕೊಡುವುದು ಭಿಕ್ಷೆ, ಅವರಿಗೆ ಸಲ್ಲಬೇಕಾದುದು ಹಕ್ಕು



ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದ ಬಸಿಲಿಕಾಗೆ ಹೋಗುವ ನಾವು, ಹಾದಿಯಲ್ಲಿ ಕೈಚಾಚಿದ ವಿಕಲಚೇತನರಿಗೆ ನಾಣ್ಯವಿತ್ತು ಸಮಾಧಾನಪಡುತ್ತೇವೆ. ಅವರಿಗೆ ಗುರುತಿನ ಚೀಟಿ ದೊರಕಿದೆಯೇ ಎಂದು ವಿಚಾರಿಸಿದವರೆಷ್ಟು ಮಂದಿ?

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿಯಿದೆ. ಇವೆಲ್ಲಕ್ಕೂ ಮೊದಲು ಬೇಕಾದುದು ವೈದ್ಯಕೀಯ ಪ್ರಮಾಣಪತ್ರ. ಸರ್ಕಾರಿ ಬೌರಿಂಗ್ ಆಸ್ಪತ್ರೆ ಬಸಿಲಿಕಾದ ಸಮೀಪದಲ್ಲೇ ಇದೆ. ಇಲ್ಲದಿರುವುದು ಜೊತೆಗೆ ಹೋಗುವವರು.

ಹಕ್ಕು ನಿರಾಕರಿಸಲ್ಪಟ್ಟರೆ ವಕೀಲರ ಶುಲ್ಕಕ್ಕೆ ಅಂಜಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ವಿಕಲಚೇತನರು, ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆಮಾಡಿದರೆ ದಾರಿ ತಿಳಿಯುತ್ತದೆ. ಹಲಸೂರು, ಇಂದಿರಾನಗರದವರಿಗೆ ದೂರವಲ್ಲದ ಲಿಂಗರಾಜಪುರದಲ್ಲಿ, 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯಿದೆ.

"ಇದು ಸರ್ಕಾರದ ಕೆಲಸ, ನಮ್ಮದಲ್ಲ" ಎನ್ನುವವರು ಆ 2016ರ ಅಧಿನಿಯಮವನ್ನೇ ಓದಲಿ. ಜನರು ಎಡತಾಕುವ ಧಾರ್ಮಿಕ ಕಟ್ಟಡಗಳನ್ನೂ ಅದು ಸಾರ್ವಜನಿಕ ಕಟ್ಟಡವೆಂದೇ ಕರೆಯುತ್ತದೆ. ಗಾಲಿಕುರ್ಚಿ ಏರಲಾಗದ ಮೆಟ್ಟಿಲುಗಳುಳ್ಳ ದೇವಾಲಯ ಯಾರಿಗೆ ಸ್ವಾಗತ ಕೋರುತ್ತದೆ? ಗೋಪುರದ ದೀಪಾಲಂಕಾರಕ್ಕೆ ಒದಗುವ ಹಣ ಒಂದು ಇಳಿಜಾರು ದಾರಿಗೆ ಏಕೆ ಒದಗದು?

ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಅವನ ಕೈಗೆ ಕಾಸಿಟ್ಟು ಹಿಂದಿರುಗಲಿಲ್ಲ. ಬಾಗಿಲಲ್ಲಿ ಎಡೆಯಿಲ್ಲದಿದ್ದಾಗ ಛಾವಣಿಯನ್ನೇ ಬಿಚ್ಚಿದರು. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಪ್ರತಿ ಧರ್ಮಕೇಂದ್ರದಲ್ಲಿ ಅಂಥ ನಾಲ್ವರು ಸಿಗಲಾರರೇ?